ಬಾಣಂತಿಯ ಪ್ರಾಣ ಮತ್ತು ನಾಲ್ಕು ಸಂಪುಟಗಳು

1946ನೇ ಇಸವಿ ಎಂದರೆ ನಮ್ಮ ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ಕ್ಯಾಬಿನೆಟ್ ನಿಯೋಗ ಬಂದದ್ದು, ಮಧ್ಯಂತರ ಸರ್ಕಾರ ರಚನೆಯಾದದ್ದು, ಸಂವಿಧಾನ ಸಭೆ ಮೊದಲ ಬಾರಿ ಸೇರಿದ್ದು. ಮಕ್ಕಳು ಇಷ್ಟನ್ನು ಬಾಯಿಪಾಠ ಮಾಡಿ ಅಂಕ ತೆಗೆದುಕೊಳ್ಳುತ್ತಾರೆ. ಅದೇ ವರ್ಷ ಸರ್ಕಾರದ ಮುಂದೆ ನಾಲ್ಕು ಸಂಪುಟಗಳ ಇನ್ನೊಂದು ವರದಿ ಬಂದಿತ್ತು. ಅದರಲ್ಲಿ ರಾಜರಿಲ್ಲ, ಒಪ್ಪಂದಗಳಿಲ್ಲ. ಎಷ್ಟು ಹೆಂಗಸರು ಹೆರಿಗೆಯಲ್ಲಿ ಸತ್ತರು, ಎಷ್ಟು ಕೂಸುಗಳು ವರ್ಷ ತುಂಬುವ ಮೊದಲೇ ಮಣ್ಣು ಸೇರಿದವು ಎಂಬ ಲೆಕ್ಕವಿತ್ತು. ಈ ವರದಿಗೆ ಪಠ್ಯಪುಸ್ತಕದಲ್ಲಿ ಒಂದು ಸಾಲೂ ಸಿಕ್ಕಿಲ್ಲವೆಂಬುದು ಚರಿತ್ರೆ ಪಾಠ ಮಾಡುವ ನನಗೆ ಬಹಳ ದಿನಗಳ ಕೊರಗು.

ಅದು ಭೋರ್ ಸಮಿತಿಯ ವರದಿ. ಸರ್ ಜೋಸೆಫ್ ಭೋರ್ ಎಂಬ ಐ.ಸಿ.ಎಸ್. ಅಧಿಕಾರಿಯ ಅಧ್ಯಕ್ಷತೆಯಲ್ಲಿ ಬ್ರಿಟಿಷ್ ಸರ್ಕಾರ 1943ರ ಅಕ್ಟೋಬರಿನಲ್ಲಿ ಈ ಸಮಿತಿಯನ್ನು ನೇಮಿಸಿತು. ಅದೇ ವರ್ಷ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸಾಯುತ್ತಿದ್ದರೆಂಬುದನ್ನು ಮರೆಯಬಾರದು. ಇತ್ತ ಹಸಿವಿನಿಂದ ಹೆಣ ಬೀಳುತ್ತಿರುವಾಗ ಅತ್ತ ದೇಶದ ಆರೋಗ್ಯದ ಬಗ್ಗೆ ಸಮಿತಿ ಕೂತಿತೆಂದರೆ ಮೊದಲಿಗೆ ವ್ಯಂಗ್ಯವಾಗಿ ಕಾಣುತ್ತದೆ. ಆದರೆ ಸಮಿತಿ ಮಾಡಿದ ಕೆಲಸ ವ್ಯಂಗ್ಯದ್ದಲ್ಲ. ಅದರಲ್ಲಿ ಬಿ. ಸಿ. ರಾಯ್, ಮದರಾಸಿನ ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರಂಥ ಹೆಸರಾಂತ ವೈದ್ಯರಿದ್ದರು, ಕಾರ್ಮಿಕರ ಮುಂದಾಳು ಎನ್. ಎಂ. ಜೋಶಿ ಇದ್ದರು. ಹೆಂಗಸರ ಸಂಖ್ಯೆ ಮಾತ್ರ ಬಹಳ ಕಡಿಮೆ.

ಅವರು ಕಲೆಹಾಕಿದ ಅಂಕಿಗಳನ್ನು ಓದುವಾಗ ಎದೆ ಭಾರವಾಗುತ್ತದೆ. ಹುಟ್ಟಿದ ಮಗುವಿನ ಸರಾಸರಿ ಆಯಸ್ಸು ಸುಮಾರು 27 ವರ್ಷ. 1937ರಲ್ಲಿ ಹುಟ್ಟಿದ ಪ್ರತಿ 1000 ಕೂಸುಗಳಲ್ಲಿ 162 ಮೊದಲ ಹುಟ್ಟುಹಬ್ಬ ಕಾಣಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ಹೆಂಗಸರು ಹೆರಿಗೆಯ ಕಾರಣದಿಂದ ಸಾಯುತ್ತಿದ್ದರು. ಭಾಗಿಸಿ ನೋಡಿ, ದಿನಕ್ಕೆ 500ಕ್ಕೂ ಹೆಚ್ಚು. 6,300 ಜನರಿಗೆ ಒಬ್ಬ ಡಾಕ್ಟರು. 43,000 ಜನರಿಗೆ ಒಬ್ಬ ನರ್ಸು. ಸುಮಾರು 30 ಕೋಟಿ ಜನರ ನಡುವೆ ತರಬೇತಿ ಪಡೆದ ಸೂಲಗಿತ್ತಿಯರು ಕೇವಲ 5,000. ಇದ್ದ ಡಾಕ್ಟರುಗಳಲ್ಲಿ ಹೆಚ್ಚಿನವರು ಪಟ್ಟಣದಲ್ಲೇ ಇದ್ದರು.

ಈ ಅಂಕಿಗಳು ನಮಗೆ ಹೊರಗಿನವಲ್ಲ. ನಮ್ಮ ಅಜ್ಜಿ ಒಂಬತ್ತು ಹೆತ್ತು ಐದನ್ನು ಉಳಿಸಿಕೊಂಡವರು. ಹೋದವುಗಳ ಹೆಸರನ್ನು ಅವರು ಹೇಳುತ್ತಿರಲಿಲ್ಲ. "ಅದು ಹುಣ್ಣಿಮೆಗೆ ಹುಟ್ಟಿದ್ದು, ಇದು ಸುಗ್ಗಿ ಕಾಲದ್ದು" ಎನ್ನುತ್ತಿದ್ದರು, ಅಷ್ಟೆ. ನಿಮ್ಮ ಮನೆಯ ಹಿರಿಯರನ್ನೂ ಕೇಳಿ ನೋಡಿ. ಆ ತಲೆಮಾರಿನಲ್ಲಿ ಇಂಥ ಲೆಕ್ಕವಿಲ್ಲದ ಮನೆ ಅಪರೂಪ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಕಾವ್ಯಕ್ಕೆಂದು ಹುಟ್ಟಿದ್ದಲ್ಲ, ಕಣ್ಣಾರೆ ಕಂಡವರು ಆಡಿದ ಮಾತು.

ಹಳೆಯ ಮೈಸೂರು ಸಂಸ್ಥಾನದವರಿಗೆ ಈ ವಿಷಯದಲ್ಲಿ ಸ್ವಲ್ಪ ಹೆಮ್ಮೆಪಡುವ ಹಕ್ಕಿದೆ. 1930ರಲ್ಲಿ ಮೈಸೂರು ಸರ್ಕಾರ ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಒಪ್ಪಿಗೆ ಕೊಟ್ಟಿತು. ಜಗತ್ತಿನಲ್ಲಿ ಒಂದು ಸರ್ಕಾರ ತಾನಾಗಿ ಇಂಥ ಕೆಲಸಕ್ಕೆ ಇಳಿದದ್ದು ಅದೇ ಮೊದಲು ಎನ್ನುತ್ತಾರೆ. 1935ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ ಹೆರಿಗೆ ಆಸ್ಪತ್ರೆ ಬಾಗಿಲು ತೆರೆಯಿತು. ಅದೇ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಅಂದರೆ ನಮ್ಮ ರಾಮನಗರದಲ್ಲಿ, ಹಳ್ಳಿಗಳಿಗಾಗಿ ಆರೋಗ್ಯ ಘಟಕವೊಂದು ಕೆಲಸ ಆರಂಭಿಸಿತು. ಆದರೆ ಧಾರವಾಡ, ಬೆಳಗಾವಿ, ಬಿಜಾಪುರದವರು ಬೊಂಬಾಯಿ ಪ್ರಾಂತ್ಯದಲ್ಲಿ, ಬಳ್ಳಾರಿ ಮಂಗಳೂರಿನವರು ಮದರಾಸಿನಲ್ಲಿ, ಕಲಬುರ್ಗಿಯವರು ನಿಜಾಮನ ಕೈಯಲ್ಲಿ ಹಂಚಿಹೋಗಿದ್ದರು. ಕನ್ನಡ ಮಾತಾಡುವ ಬಸುರಿ ಯಾವ ಗಡಿಯೊಳಗೆ ಇದ್ದಳೋ ಅದರ ಮೇಲೆ ಅವಳ ಅದೃಷ್ಟ. 1919ರ ಸುಧಾರಣೆಯಿಂದ ಬ್ರಿಟಿಷ್ ಇಂಡಿಯಾದಲ್ಲಿ ಆರೋಗ್ಯದ ಹೊಣೆ ಪ್ರಾಂತ್ಯಗಳ ಹೆಗಲಿಗೆ ಬಿತ್ತು, ಅದಕ್ಕೆ ತಕ್ಕ ಹಣ ಜೊತೆಗೆ ಬರಲಿಲ್ಲ.

ಭೋರ್ ಸಮಿತಿ ಹೇಳಿದ ಮೊದಲ ಮಾತು ಬಹಳ ಸರಳ. ಕೈಯಲ್ಲಿ ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದು. ಎರಡನೆಯದು, ರೋಗ ಬಂದಮೇಲೆ ಔಷಧಿ ಕೊಡುವ ಇಲಾಖೆ ಬೇರೆ, ರೋಗ ಬಾರದಂತೆ ನೋಡಿಕೊಳ್ಳುವ ಇಲಾಖೆ ಬೇರೆ ಎಂಬ ಪದ್ಧತಿ ಹೋಗಬೇಕು. ಇವೆರಡೂ ಹಳ್ಳಿಯ ಮಟ್ಟದಲ್ಲಿ ಒಂದೇ ಸೂರಿನಡಿ ಸಿಗಬೇಕು. ತಕ್ಷಣಕ್ಕೆ 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿ ಇಬ್ಬರು ಡಾಕ್ಟರು, ಜೊತೆಗೆ ನರ್ಸುಗಳು, ಸೂಲಗಿತ್ತಿಯರು. ಮುಂದೆ 10,000ದಿಂದ 20,000 ಜನರಿಗೆ 75 ಹಾಸಿಗೆಗಳ ಆಸ್ಪತ್ರೆ, ಅದರ ಮೇಲೆ ದೊಡ್ಡ ಆಸ್ಪತ್ರೆ, ಜಿಲ್ಲೆಯಲ್ಲಿ ಇನ್ನೂ ದೊಡ್ಡದು. ಪ್ರತಿ ಹಳ್ಳಿಯಲ್ಲಿ ಜನರದೇ ಒಂದು ಆರೋಗ್ಯ ಸಮಿತಿ. ಸರ್ಕಾರಿ ಡಾಕ್ಟರುಗಳು ಖಾಸಗಿ ಪ್ರಾಕ್ಟೀಸ್ ಮಾಡಬಾರದು ಎಂದೂ ಅದರಲ್ಲಿತ್ತು.

ಇಲ್ಲಿಂದ ಮುಂದೆ ವಾದ ಶುರುವಾಯಿತು. ಆಗ ಇದ್ದ ಡಾಕ್ಟರುಗಳಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಪದವೀಧರರಲ್ಲ, ಕಡಿಮೆ ವರ್ಷ ಓದಿ ಪರವಾನಗಿ ಪಡೆದ ಎಲ್.ಎಂ.ಪಿ.ಗಳು. ಸಣ್ಣ ಊರುಗಳಲ್ಲಿ ನಾಡಿ ಹಿಡಿದು ಮಿಕ್ಸ್ಚರ್ ಕೊಡುತ್ತಿದ್ದವರಲ್ಲಿ ಇವರೇ ಬಹಳ. ಸಮಿತಿಯ ಬಹುಮತದವರು, ಇನ್ನು ಮುಂದೆ ಇಡೀ ದೇಶಕ್ಕೆ ಒಂದೇ ಮಟ್ಟದ ಡಾಕ್ಟರು ಸಾಕು, ಎಲ್.ಎಂ.ಪಿ. ಶಾಲೆಗಳು ಮುಚ್ಚಲಿ ಅಥವಾ ಕಾಲೇಜುಗಳಾಗಲಿ ಎಂದರು. ಹಳ್ಳಿಯವನಿಗೆ ಅರ್ಧ ಕಲಿತ ವೈದ್ಯ, ಪಟ್ಟಣದವನಿಗೆ ಪೂರ್ತಿ ಕಲಿತ ವೈದ್ಯ ಎಂಬುದು ಯಾವ ನ್ಯಾಯ ಎಂಬುದು ಅವರ ಪಕ್ಷ. ಕೆಲವು ಸದಸ್ಯರು ಇದನ್ನು ಒಪ್ಪದೆ ಭಿನ್ನಮತದ ಟಿಪ್ಪಣಿ ಬರೆದರು. ಪೂರ್ತಿ ಕಲಿತವರು ಸಾಕಷ್ಟು ಸಂಖ್ಯೆಯಲ್ಲಿ ತಯಾರಾಗುವವರೆಗೆ ಜನ ಕಾಯುವುದು ಹೇಗೆ, ಇನ್ನಷ್ಟು ವರ್ಷ ಈ ಶಾಲೆಗಳು ನಡೆಯಲಿ ಎಂಬುದು ಇವರ ಮಾತು. ಕಾಂಗ್ರೆಸ್ಸಿನವರು 1938ರಲ್ಲಿ ರಚಿಸಿದ ರಾಷ್ಟ್ರೀಯ ಯೋಜನಾ ಸಮಿತಿಯಲ್ಲಿ ಸಾಹಿಬ್ ಸಿಂಗ್ ಸೋಖಿಯವರ ಆರೋಗ್ಯ ಉಪಸಮಿತಿ ಇನ್ನೂ ಮುಂದೆ ಹೋಗಿ, ಪ್ರತಿ 1,000 ಜನರಿಗೆ ಊರಿನವರೇ ಆದ ಒಬ್ಬ ತರಬೇತಾದ ಆರೋಗ್ಯ ಕಾರ್ಯಕರ್ತರು ಬೇಕು ಎಂದಿತ್ತು.

ಎರಡೂ ಕಡೆಯವರ ಮಾತಿನಲ್ಲಿ ತೂಕವಿದೆ. ಬಡವರಿಗೆ ಅಗ್ಗದ್ದು ಸಾಕು ಎಂಬ ಧೋರಣೆ ಅವಮಾನಕರ. ಆದರೆ ನಡುರಾತ್ರಿ ರಕ್ತಸ್ರಾವವಾಗುತ್ತಿರುವ ಬಾಣಂತಿಗೆ ನಲವತ್ತು ಮೈಲಿಯಾಚೆಯ ಪದವೀಧರನಿಂದ ಏನು ಪ್ರಯೋಜನ? ನನಗೆ ಅನಿಸುವುದು ಬೇರೆಯೇ. ಡಾಕ್ಟರ ಡಿಗ್ರಿಯ ಬಗ್ಗೆ ನಡೆದಷ್ಟು ಬಿಸಿ ಚರ್ಚೆ ಆ ಬಾಣಂತಿಯ ಮಗ್ಗುಲಲ್ಲಿ ನಿಜವಾಗಿ ಕೂರುವವಳ ಬಗ್ಗೆ ನಡೆಯಲಿಲ್ಲ. ನರ್ಸುಗಳು ಇಕ್ಕಟ್ಟಿನ ಕೊಠಡಿಗಳಲ್ಲಿ, ಕಡಿಮೆ ಸಂಬಳಕ್ಕೆ, ಗೌರವವಿಲ್ಲದೆ ದುಡಿಯುತ್ತಿದ್ದಾರೆ ಎಂದು ಸಮಿತಿಯೇ ಬರೆಯಿತು. ಹಳ್ಳಿಯ ಸೂಲಗಿತ್ತಿಯರಿಗೆ ತಾತ್ಕಾಲಿಕವಾಗಿಯಾದರೂ ತರಬೇತಿ ಕೊಡಬೇಕೆಂದೂ ಹೇಳಿತು. ಬರೆದದ್ದು ನಿಜ, ಆದರೆ ದೊಡ್ಡವರ ಜಗಳ ಆದದ್ದು ಡಿಗ್ರಿಯ ಮೇಲೆ. ಅಡುಗೆಮನೆಯಲ್ಲಿ ಕೆಲಸ ಮಾಡುವವಳನ್ನು ಬಿಟ್ಟು ಹಬ್ಬದೂಟದ ಪಟ್ಟಿ ಬರೆದ ಹಾಗೆ.

ಸ್ವಾತಂತ್ರ್ಯ ಬಂತು. ರಾಜಕುಮಾರಿ ಅಮೃತ್ ಕೌರ್ ಮೊದಲ ಆರೋಗ್ಯ ಮಂತ್ರಿಯಾದರು. ಇಂಗ್ಲೆಂಡಿನಲ್ಲಿ 1948ರ ಜುಲೈ 5ರಂದು ಎಲ್ಲರಿಗೂ ಉಚಿತ ಚಿಕಿತ್ಸೆಯ ವ್ಯವಸ್ಥೆ ಜಾರಿಯಾಯಿತು. ನಮ್ಮಲ್ಲಿ ಸಂವಿಧಾನದ 47ನೇ ವಿಧಿ ಸಾರ್ವಜನಿಕ ಆರೋಗ್ಯವನ್ನು ಸುಧಾರಿಸುವುದು ರಾಜ್ಯದ ಕರ್ತವ್ಯ ಎಂದಿತು. ಆದರೆ ಅದು ನಿರ್ದೇಶಕ ತತ್ವ. ಅದನ್ನು ಹಿಡಿದು ಕೋರ್ಟಿಗೆ ಹೋಗಿ ಜಾರಿ ಮಾಡಿಸುವಂತಿಲ್ಲ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಗಿ, ಅದರ ಜೊತೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಬಂದವು. ಸಮಿತಿ ಕೇಳಿದ್ದು 40,000 ಜನರಿಗೆ ಒಂದು, ಕೊಟ್ಟದ್ದು ಒಂದು ಬ್ಲಾಕಿಗೆ ಒಂದು, ಅಂದರೆ 60,000ದಿಂದ ಲಕ್ಷದವರೆಗಿನ ಜನರಿಗೆ. 75 ಹಾಸಿಗೆಗಳ ಕನಸು ಕಾಗದದಲ್ಲೇ ಉಳಿಯಿತು. ಎಲ್.ಎಂ.ಪಿ. ಶಾಲೆಗಳು ಮಾತ್ರ ಮುಚ್ಚಿದವು. ಖರ್ಚಿಲ್ಲದ ಸಲಹೆಗಳು ಬೇಗ ಜಾರಿಯಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆಮೇಲಿನ ಕಥೆ ನಮ್ಮ ಕಣ್ಣೆದುರಿನದು. 1961ರಲ್ಲಿ ಮೊದಲಿಯಾರ್ ಸಮಿತಿ, 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ, 1983ರಲ್ಲಿ ಮೊದಲ ರಾಷ್ಟ್ರೀಯ ಆರೋಗ್ಯ ನೀತಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದ್ದ ಊರಿನ ಆರೋಗ್ಯ ಕೇಂದ್ರಕ್ಕೆ ಒಳ್ಳೆಯ ಕಟ್ಟಡವಿತ್ತು. ಡಾಕ್ಟರ ಹೆಸರಿನ ಬೋರ್ಡೂ ಇತ್ತು. ಬೋರ್ಡಿನ ಡಾಕ್ಟರು ವಾರಕ್ಕೆರಡು ದಿನ ಬಸ್ಸಿನಲ್ಲಿ ಬಂದು ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಿದ್ದರು. ಉಳಿದ ದಿನ ಊರಿನ ಹೆಂಗಸರಿಗೆ ದಿಕ್ಕು ನರ್ಸಮ್ಮ ಒಬ್ಬರೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಯೇ ಊರಲ್ಲಿರಲಿಲ್ಲ. ಗರ್ಭಗುಡಿಯ ದೀಪ ಆರದಂತೆ ನೋಡಿಕೊಂಡವಳು ಆ ಹೆಂಗಸು. ಮಳೆಗಾಲದಲ್ಲಿ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಕೈಯಲ್ಲಿ ಚೀಲ ಹಿಡಿದು, ಕೆಸರು ತುಳಿದುಕೊಂಡು ತೋಟದ ಮನೆಗಳಿಗೆ ಹೋಗುತ್ತಿದ್ದರು.

ಹಾಗೆಂದು ಏನೂ ಬದಲಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. 1992-93ರಲ್ಲಿ ದೇಶದಲ್ಲಿ ನೂರಕ್ಕೆ ಸುಮಾರು 26 ಹೆರಿಗೆಗಳು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಹೊತ್ತಿಗೆ ಅದು 89 ಆಯಿತು, ಕರ್ನಾಟಕದಲ್ಲಿ 97. ಭೋರ್ ಸಮಿತಿಯ ಅಂದಾಜಿನಂತೆ ಲಕ್ಷ ಹೆರಿಗೆಗೆ 2,000 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಆ ಸಂಖ್ಯೆ 97ಕ್ಕೆ ಇಳಿದಿತ್ತು. ನಮ್ಮ ರಾಜ್ಯದಲ್ಲಿ 69, ಪಕ್ಕದ ಕೇರಳದಲ್ಲಿ 19. ಈ ಇಳಿತಕ್ಕೆ ಕಾರಣ ಹಲವು: ರಕ್ತನಿಧಿ, ಔಷಧಿ, ರಸ್ತೆ, ಹೆಣ್ಣುಮಕ್ಕಳ ಓದು, ಮದುವೆಯ ವಯಸ್ಸು ಹೆಚ್ಚಿದ್ದು. ಜೊತೆಗೆ 2005ರಿಂದ ಬಂದ ಆಶಾ ಕಾರ್ಯಕರ್ತೆಯರು. ಸುಮಾರು 1,000 ಜನರಿಗೆ ಒಬ್ಬಳು, ಊರಿನವಳೇ. ಸೋಖಿಯವರ ಉಪಸಮಿತಿಯ ಮಾತನ್ನು ನೆನಪಿಸಿಕೊಳ್ಳಿ. ಅದೇ ಸಂಖ್ಯೆಗೆ ನಾವು ಅರವತ್ತು ವರ್ಷ ಸುತ್ತುಹಾಕಿ ಬಂದೆವು.

ಹಳೆಯ ವಾದಗಳೂ ಹಾಗೆಯೇ ತಿರುಗಿ ಬರುತ್ತವೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯಲ್ಲಿ, ಡಾಕ್ಟರಲ್ಲದ ಸಮುದಾಯ ಆರೋಗ್ಯ ಸೇವಕರಿಗೆ ಮಿತವಾದ ಪರವಾನಗಿ ಕೊಡುವ ವಿಧಿ ಬಂದಾಗ ಡಾಕ್ಟರುಗಳು ಬೀದಿಗಿಳಿದರು. 1946ರ ಬಹುಮತ ಮತ್ತು ಭಿನ್ನಮತ ಹೊಸ ಬಟ್ಟೆ ತೊಟ್ಟು ಎದುರುಬದುರು ನಿಂತಂತಿತ್ತು. 2017ರಲ್ಲಿ ಖಾಸಗಿ ಆಸ್ಪತ್ರೆಗಳನ್ನು ಹದ್ದುಬಸ್ತಿಗೆ ತರುವ ಮಸೂದೆಯ ವಿಷಯದಲ್ಲಿ ನಮ್ಮ ರಾಜ್ಯದಲ್ಲೇ ಡಾಕ್ಟರುಗಳ ಮುಷ್ಕರವಾಗಿತ್ತು. 2024ರ ಕೊನೆಯಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ, ಅವರಿಗೆ ಏರಿಸಿದ ಡ್ರಿಪ್ಪಿನ ಗುಣಮಟ್ಟದ ಮೇಲೆ ಸಂಶಯ ಬಂದು, ಬೆಳಗಾವಿಯ ಅಧಿವೇಶನದಲ್ಲಿ ಮಾತಿಗೆ ಮಾತು ಬೆಳೆಯಿತು. ಆಸ್ಪತ್ರೆಯವರೆಗೆ ಹೆಂಗಸರನ್ನು ಕರೆತಂದದ್ದಾಯಿತು, ಅಲ್ಲಿ ಅವರಿಗೆ ಸಿಗುವುದೇನು ಎಂಬ ಪ್ರಶ್ನೆ ಈಗ ಮುಂದೆ ಬಂದಿದೆ.

ಬಜೆಟ್ ಓದುವ ದಿನ ಟಿ.ವಿ.ಯಲ್ಲಿ ಚಿನ್ನದ ಬೆಲೆ, ತೆರಿಗೆ ವಿನಾಯಿತಿ ಎಂದು ನಾವೂ ಕಿವಿಗೊಡುತ್ತೇವೆ. ಆರೋಗ್ಯಕ್ಕೆ ಎಷ್ಟು ಎಂಬ ಸಾಲು ಬಂದಾಗ ಒಲೆಯ ಮೇಲಿನ ಹಾಲು ನೆನಪಾಗುತ್ತದೆ. 2002ರ ಆರೋಗ್ಯ ನೀತಿ 2010ರೊಳಗೆ ರಾಷ್ಟ್ರೀಯ ಉತ್ಪನ್ನದ ನೂರಕ್ಕೆ 2ರಷ್ಟನ್ನು ಸರ್ಕಾರ ಆರೋಗ್ಯಕ್ಕೆ ಖರ್ಚು ಮಾಡಲಿ ಎಂದಿತು. ಅದು ಆಗಲಿಲ್ಲ. 2017ರ ನೀತಿ 2025ರೊಳಗೆ 2.5 ಎಂದಿತು. ಇಂಥ ಸಾಲುಗಳನ್ನು ನಾವು ಕೂತು ಕೇಳಬೇಕು. 2025ರ ಜನವರಿಯಲ್ಲಿ ನಮ್ಮ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿರೆಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದರು. ತಿಂಗಳಿಗೆ ಇಂತಿಷ್ಟು ಎಂದು ಖಾತ್ರಿ ಮಾಡಿ ಎಂಬುದು ಅವರ ಬೇಡಿಕೆ. ನಾಲ್ಕು ಸಂಪುಟಗಳ ವರದಿ ಬರೆದವರಿಗೂ, ಅದರ ಮೇಲೆ ವಾದ ಮಾಡಿದವರಿಗೂ, ಬಾಣಂತಿಯ ಮಗ್ಗುಲಲ್ಲಿ ಕೂರುವವಳಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕ ಬಗೆಹರಿದಿರಲಿಲ್ಲ. ಮನೆಬಾಗಿಲಿಗೆ ಬಂದು ನಮ್ಮ ಸೊಸೆಯ ಹೆಸರು ಬರೆದುಕೊಂಡು ಹೋಗುವ ಆ ಹೆಂಗಸಿಗೆ ಒಂದು ಲೋಟ ನೀರು ಕೊಡುವಾಗ, ಈ ಸಲ ಸಂಬಳ ಬಂತೇ ಎಂದು ಕೇಳೋಣ.