ಜೋಡಿ ಮರಿಯ ಇತಿಹಾಸ



ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ನೀವು ಮನೆಯಲ್ಲಿ ಕುರಿ ಎನ್ನುತ್ತೀರಿ, ಸಂತೆಯಲ್ಲಿ ಮೇಂಢಿ ಎನ್ನುತ್ತೀರಿ. ಯಾವ ಭಾಷೆಯಲ್ಲಿ ಕರೆದರೂ ನಮ್ಮ ದಖ್ಖನಿ ಕುರಿ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುತ್ತದೆ. ಜೋಡಿ ಮರಿ ಹಾಕಿದರೆ ಬೀರಪ್ಪನ ಕೃಪೆ ಎನ್ನುವುದುಂಟು. ಆ ಜೋಡಿ ಮರಿಗೆ ಒಂದು ದೊಡ್ಡ ಇತಿಹಾಸವಿದೆ.

ಬಂಗಾಳದ ಸುಂದರಬನದ ಜೌಗು ನೆಲದಲ್ಲಿ ಗಾರೋಲ್ ಎಂಬ ಗಿಡ್ಡ ಕುರಿ ಇದೆ. ಎರಡು ಮೂರು ಮರಿ ಹಾಕುವುದು ಅದಕ್ಕೆ ಸಹಜ. 1792-93ರ ಸುಮಾರಿಗೆ ಬಂಗಾಳದ ಕುರಿಗಳು ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದವು. ಒಂದೂವರೆ ಶತಮಾನ ಕಳೆದ ಮೇಲೆ, ಅಲ್ಲಿಯ ಬೂರೂಲಾ ಎಂಬ ಫಾರ್ಮಿನ ಮೆರಿನೋ ಕುರಿಗಳಿಗೆ ಒಂದೇ ಸೂಲಿನಲ್ಲಿ ನಾಲ್ಕೈದು ಮರಿಗಳೂ ಹುಟ್ಟುವುದನ್ನು ಕಂಡು ವಿಜ್ಞಾನಿಗಳು ಬೆರಗಾದರು. ಇದರ ಕಾರಣ ತಿಳಿದದ್ದು 2001ರಲ್ಲಿ.

ಕುರಿಯ ಅಂಡಾಶಯದಲ್ಲಿ ಒಂದೊಂದು ಅಂಡವೂ ಒಂದೊಂದು ಸಣ್ಣ ಗುಳ್ಳೆಯೊಳಗೆ ಬೆಳೆಯುತ್ತದೆ. ಅಂಡವು ಸುಮ್ಮನೆ ಕೂರುವುದಿಲ್ಲ. ಬಿಎಂಪಿ-15 ಎಂಬ ಪ್ರೋಟೀನನ್ನು ಹೊರಬಿಟ್ಟು ಸುತ್ತಲಿನ ಜೀವಕೋಶಗಳಿಗೆ ಸಂದೇಶ ಕಳಿಸುತ್ತದೆ. ಈ ಜಾತಿಯ ಪ್ರೋಟೀನುಗಳನ್ನು ಮೊದಲು ಗುರುತಿಸಿದ್ದು ಎಲುಬಿನಲ್ಲಿ. ಸಂದೇಶ ತಲುಪಬೇಕಾದರೆ ಅದನ್ನು ಹಿಡಿದುಕೊಳ್ಳುವ ಗ್ರಾಹಕವೊಂದು ಆ ಜೀವಕೋಶಗಳ ಮೇಲೆ ಇರಬೇಕು, ಟಪಾಲಿಗೆ ಡಬ್ಬಿ ಇದ್ದ ಹಾಗೆ. ಬೂರೂಲಾ ಕುರಿಯಲ್ಲಿ ಈ ಗ್ರಾಹಕದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ. ಅಷ್ಟರಿಂದಲೇ ಗುಳ್ಳೆಗಳು ಸಣ್ಣವಿರುವಾಗಲೇ ಪಕ್ವವಾಗುತ್ತವೆ. ಒಂದು ದೊಡ್ಡ ಗುಳ್ಳೆ ಕೊಡುವಷ್ಟು ಹಾರ್ಮೋನನ್ನು ಹಲವು ಸಣ್ಣ ಗುಳ್ಳೆಗಳು ಕೂಡಿ ಕೊಡುತ್ತವೆ. ಹೀಗಾಗಿ ಒಂದರ ಬದಲು ಹಲವು ಅಂಡಗಳು ಹೊರಬರುತ್ತವೆ.

2002ರಲ್ಲಿ ಗಾರೋಲ್ ಕುರಿಯಲ್ಲೂ ಇದೇ ಬದಲಾವಣೆ ಕಂಡುಬಂತು. ಆಸ್ಟ್ರೇಲಿಯಾದ ಗುಟ್ಟಿಗೆ ತವರು ಬಂಗಾಳವೇ ಎಂಬ ಮಾತಿಗೆ ಬಲ ಬಂತು.

ಅಷ್ಟರೊಳಗೆ ನಮ್ಮ ಮಹಾರಾಷ್ಟ್ರದಲ್ಲೇ ಕೆಲಸ ಶುರುವಾಗಿತ್ತು. ಸಾತಾರಾ ಜಿಲ್ಲೆಯ ಫಲಟಣದಲ್ಲಿ ಬಿ. ವಿ. ನಿಂಬಕರ್ ಅವರು 1968ರಲ್ಲಿ ಸ್ಥಾಪಿಸಿದ ಕೃಷಿ ಸಂಶೋಧನಾ ಸಂಸ್ಥೆಯು 1990ರ ದಶಕದಲ್ಲಿ ಗಾರೋಲ್ ತಳಿಯನ್ನು ದಖ್ಖನಿ ಕುರಿಯೊಂದಿಗೆ ಕೂಡಿಸಿತು. ಮಂಡ್ಯ ಸೀಮೆಯ ಬನ್ನೂರು ಕುರಿಯ ರಕ್ತವೂ ಸೇರಿತು. ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ನೆರವಿನಿಂದ ಡಿಎನ್‌ಎ ಪರೀಕ್ಷೆ ಮಾಡಿ, ಆ ಗುಣವಿರುವ ಕುರಿಗಳನ್ನು ಆರಿಸಿದರು. ಹೀಗೆ ಬಂದದ್ದೇ ನಾರಿ ಸುವರ್ಣ. ಈಗ ಕರ್ನಾಟಕದಲ್ಲೂ ಅದನ್ನು ಸಾಕುತ್ತಾರೆ.

ಆದರೆ ಅಂಡ ಹೆಚ್ಚಿದ ಮಾತ್ರಕ್ಕೆ ಆದಾಯ ಹೆಚ್ಚಿತೆಂದು ತಿಳಿಯಬೇಡಿ. ಕುರಿಯ ಕೆಚ್ಚಲಿಗೆ ಮೊಲೆ ಎರಡೇ. ಬರಗಾಲದಲ್ಲಿ ಬಡಕಲಾದ ತಾಯಿ ಮೂರು ಮರಿ ಹಾಕಿದರೆ ಮೂರನ್ನೂ ಕಳೆದುಕೊಳ್ಳುವ ಭಯ. ಇಂಥ ಟಗರನ್ನು ತಂದ ಕೂಡಲೇ ನಿಮ್ಮ ಹಟ್ಟಿಯ ಕುರಿಗಳು ಜೋಡಿ ಮರಿ ಹಾಕುವುದೂ ಇಲ್ಲ. ಫಲ ಕಾಣುವುದು ಆ ಟಗರಿಗೆ ಹುಟ್ಟಿದ ಹೆಣ್ಣುಮರಿಗಳು ದೊಡ್ಡವಾಗಿ ಈದಾಗ. ಆದ್ದರಿಂದ ಟಗರಿನ ಬೆಲೆ ಕೇಳುವ ಮುಂಚೆ ಮೇವಿನ ಬಣವೆ ನೋಡಿ. ಗಬ್ಬದ ಕೊನೆಯ ಆರು ವಾರ ಕಾಳು, ಹಿಂಡಿ ಕೊಡುವ ಶಕ್ತಿ ನಮಗಿದೆಯೇ ಎಂದು ಲೆಕ್ಕ ಹಾಕಿ.

ಒಂದೇ ಮರಿ ಹಾಕಿತೆಂದು ದಖ್ಖನಿ ಕುರಿಯನ್ನು ಹೀಗಳೆಯಲೂ ಬೇಡಿ. ಈ ಒಣ ನೆಲದಲ್ಲಿ ಹಾಲೂಡಿಸಿ ಬದುಕಿಸಬಲ್ಲಷ್ಟನ್ನೇ ಅದು ಹೆರುತ್ತ ಬಂದಿದೆ.