ಗಡಿಯಾಚೆ ತಾಯಿ, ಗಡಿಯೀಚೆ ಮಗು

ಗಡಿನಾಡಿನಲ್ಲಿ ಬಾಳುವ ನಮಗೆ ಗಡಿಯೆಂದರೆ ಬಹುಮಟ್ಟಿಗೆ ಭಾಷೆಯ, ಶಾಲೆಯ, ಕಚೇರಿಯ ಪ್ರಶ್ನೆ. ಆದರೆ ಗಡಿಯು ತಾಯಿ ಮಕ್ಕಳ ನಡುವೆಯೇ ಹಾಯ್ದುಹೋದ ನಿದರ್ಶನಗಳು ಅಮೆರಿಕದ ಇತಿಹಾಸದಲ್ಲಿವೆ. ಬಡವರ ಹಾಗೂ ಮಕ್ಕಳ ಹಿತಕ್ಕೆಂದು ಹುಟ್ಟಿದ ವ್ಯವಸ್ಥೆಯು ವಲಸೆಯ ಕಾನೂನಿನೊಡನೆ ಸೇರಿದಾಗ ಏನಾಗುತ್ತದೆಂಬುದನ್ನು ಅವು ತೋರಿಸುತ್ತವೆ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಕುಟುಂಬಗಳನ್ನು ಇಡಿಯಾಗಿಯೇ ಹೊರಗೆ ಕಳುಹಿಸಲಾಯಿತು. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಬಡವರಿಗೆ ನೆರವು ನೀಡಬೇಕಾದ ಇಲಾಖೆಯೇ 1931ರಿಂದ ಮೆಕ್ಸಿಕೋಗೆ ರೈಲುಗಳನ್ನು ಗೊತ್ತುಮಾಡಿತು. ಆ ದಶಕದಲ್ಲಿ ದೇಶದ ನಾನಾ ಕಡೆಗಳಿಂದ ತೆರಳಿದ ಲಕ್ಷಾಂತರ ಮಂದಿಯಲ್ಲಿ ಅನೇಕರು ಅಮೆರಿಕದಲ್ಲೇ ಹುಟ್ಟಿ ಅಲ್ಲಿಯ ಪೌರರಾಗಿದ್ದ ಮಕ್ಕಳು. ಇದಕ್ಕಾಗಿ ಕ್ಯಾಲಿಫೋರ್ನಿಯಾ ರಾಜ್ಯವು ಕ್ಷಮೆ ಕೋರುವ ಶಾಸನವನ್ನು ಮಾಡಿದ್ದು 2005ರಲ್ಲಿ.

ಮುಂದೆ ಕುಟುಂಬಗಳು ಒಡೆಯುವ ಬಗೆ ಬೇರೆಯಾಯಿತು. 1997ರ ಒಂದು ಕಾನೂನಿನ ಪ್ರಕಾರ, ಮಗುವು 22 ತಿಂಗಳಲ್ಲಿ 15 ತಿಂಗಳು ಸರ್ಕಾರ ಗೊತ್ತುಮಾಡಿದ ಸಾಕುಮನೆಯಲ್ಲಿದ್ದರೆ, ಕೆಲವು ವಿನಾಯಿತಿಗಳ ಹೊರತು, ಹೆತ್ತವರ ಹಕ್ಕನ್ನು ರದ್ದುಗೊಳಿಸಲು ರಾಜ್ಯವು ಅರ್ಜಿ ಹಾಕಬೇಕು. ಮಕ್ಕಳು ವರ್ಷಗಟ್ಟಲೆ ಅತಂತ್ರರಾಗಬಾರದೆಂಬುದೇ ಇದರ ಉದ್ದೇಶ. ಆದರೆ ವಲಸೆಯ ಬಂಧನದಲ್ಲಿರುವ ಅಥವಾ ಗಡೀಪಾರಾದ ತಾಯಿ ವಿಚಾರಣೆಗೆ ಹಾಜರಾಗುವುದೆಂತು? ಒಂದು ಇಲಾಖೆ ಆಕೆಯನ್ನು ದೂರವಿಟ್ಟಿರುವಾಗಲೇ ಮತ್ತೊಂದು ಇಲಾಖೆಯ ಗಡುವು ಮುಗಿಯುತ್ತ ಬರುತ್ತದೆ. ಹೆತ್ತವರು ಬಂಧಿತರಾಗಿ ಅಥವಾ ಗಡೀಪಾರಾಗಿ ಸಾಕುಮನೆಗಳಲ್ಲಿ ಉಳಿದ ಮಕ್ಕಳು ಕನಿಷ್ಠ 5,100 ಎಂದು 2011ರ ಒಂದು ಅಧ್ಯಯನ ಅಂದಾಜಿಸಿತು.

ನೆಬ್ರಾಸ್ಕಾ ರಾಜ್ಯದ ಒಂದು ಮೊಕದ್ದಮೆ ಇಲ್ಲಿ ಸ್ಮರಣೀಯ. ಆ ತಾಯಿ ಗ್ವಾಟೆಮಾಲಾದವಳು. ಆಕೆಯ ಮನೆಮಾತು ಇಂಗ್ಲಿಷೂ ಅಲ್ಲ, ಸ್ಪ್ಯಾನಿಷೂ ಅಲ್ಲ, ಕಿಚೆ ಎಂಬ ಮಾಯಾ ಜನರ ನುಡಿ. 2005ರಲ್ಲಿ ಮಕ್ಕಳನ್ನು ವಶಕ್ಕೆ ಪಡೆದು ಆಕೆಯನ್ನು ಗಡೀಪಾರು ಮಾಡಲಾಯಿತು; ಅನಂತರ ತಾಯ್ತನದ ಹಕ್ಕನ್ನೂ ಕಸಿಯಲಾಯಿತು. 2009ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ತಳ್ಳಿಹಾಕಿತು. ಅಮೆರಿಕದ ಬದುಕು ಗ್ವಾಟೆಮಾಲಾದ ಬದುಕಿಗಿಂತ ಅನುಕೂಲಕರವೆಂಬ ಎಣಿಕೆಯು ಮಕ್ಕಳನ್ನು ತಾಯಿಯಿಂದ ಅಗಲಿಸಲು ಸಾಕಾಗದೆಂಬುದು ಆ ತೀರ್ಪಿನ ತಿರುಳು.

ಆದರೂ 2018ರಲ್ಲಿ ಮೆಕ್ಸಿಕೋ ಗಡಿಯಲ್ಲಿ ಸಾವಿರಾರು ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಲಾಯಿತು. ಜೂನ್ 26ರಂದು ಸ್ಯಾನ್ ಡಿಯಾಗೋದ ಫೆಡರಲ್ ನ್ಯಾಯಾಲಯವು ಐದು ವರ್ಷದೊಳಗಿನವರನ್ನು 14 ದಿನಗಳಲ್ಲಿ, ಉಳಿದವರನ್ನು 30 ದಿನಗಳಲ್ಲಿ ಮತ್ತೆ ಸೇರಿಸಬೇಕೆಂದು ಆಜ್ಞಾಪಿಸಿತು. ಯಾವ ಮಗು ಯಾರದೆಂದು ಇಲಾಖೆಗಳ ನಡುವೆ ಹೊಂದಿಸಿಡುವ ದಾಖಲೆಯೇ ಸರಿಯಾಗಿಲ್ಲದ ಕಾರಣ ಆ ಕಾರ್ಯ ವರ್ಷಗಳವರೆಗೆ ಮುಂದುವರಿಯಿತು.

ನಮ್ಮ ಸ್ಥಿತಿಯನ್ನು ಇದಕ್ಕೆ ಹೋಲಿಸುವುದು ಅತಿಶಯೋಕ್ತಿಯಾದೀತು. ರಾಜ್ಯಗಳ ಗಡಿ ದಾಟಿದರೂ ನಾವು ಒಂದೇ ದೇಶದ ಪೌರರು. ದೇಶದ ಅಥವಾ ರಾಜ್ಯದ ವ್ಯವಹಾರದಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನಮಗಿತ್ತಿದೆ. ಆದರೆ ಅರ್ಥವಾಗದ ಭಾಷೆಯ ಕಾಗದ ಕೈಗೆ ಬಂದಾಗಿನ ಕಳವಳವನ್ನು ನಮ್ಮ ಹಿರಿಯರು ಬಲ್ಲರು. ಆ ಕಾಗದದಲ್ಲಿ ಬರೆದಿರುವುದು ತನ್ನ ಮಗುವಿನ ವಿಷಯವಾಗಿದ್ದರೆ, ಅದನ್ನು ತಾಯಿಗೆ ಅವಳ ಮಾತಿನಲ್ಲೇ ತಿಳಿಸಿ, ಅವಳ ಉತ್ತರವನ್ನು ಕೇಳಿದ ಮೇಲಲ್ಲದೆ ಯಾವ ಗಡುವೂ ಮುಗಿಯಬಾರದು.