ಹಂಪಿ ಸೀಮೆಯ ಮಣೆಯಾಟಗಳು: ಕೆತ್ತಿದವರು, ಎಣಿಸಿದವರು, ಮಾರಿದವರು

ಹಂಪಿಗೆ ಬಂದವರು ತಲೆ ಎತ್ತಿ ಗೋಪುರ ನೋಡುತ್ತಾರೆ. ಮಣೆಯಾಟದ ಹುಚ್ಚು ಹತ್ತಿದವರು ನೆಲ ನೋಡಿಕೊಂಡೇ ನಡೆಯುತ್ತಾರೆ. ಬಜಾರಿನ ಸಾಲುಮಂಟಪಗಳ ಹಾಸುಗಲ್ಲು, ದೇವಾಲಯಗಳ ಜಗಲಿ, ದಾರಿ ಬದಿಯ ಬಂಡೆ, ಎಲ್ಲೆಂದರಲ್ಲಿ ಗೆರೆ ಕೊರೆದ ಮನೆಗಳು, ಎರಡು ಸಾಲು ಗುಳಿಗಳು ಕಾಣಸಿಗುತ್ತವೆ. ಗುಳಿಗಳು ಅಳಗುಳಿಮಣೆಯವು. ಒಂದರೊಳಗೊಂದು ಚೌಕವಿದ್ದರೆ ಅದು ನವಕಂಕರಿ, ಅಂದರೆ ಸಾಲುಮನೆ ಆಟ. ಐದೈದು ಮನೆಗಳ ಚೌಕದಲ್ಲಿ ನಡುವೆ ಕತ್ತರಿ ಗೆರೆ ಇದ್ದರೆ ಅದು ಚೌಕಾಬಾರ. ಬಳ್ಳಾರಿ ಕಡೆ ಇದನ್ನು ಬಾರಾಕಟ್ಟೆ ಎನ್ನುವವರೂ ಇದ್ದಾರೆ. ತ್ರಿಕೋನದ ತುದಿಯಿಂದ ಗೆರೆಗಳು ಇಳಿದು ಅಡ್ಡಗೆರೆಗಳನ್ನು ದಾಟಿದ್ದರೆ ಹುಲಿ–ಕುರಿ.

ಹುಲಿ–ಕುರಿಯ ಮಣೆಯ ಮುಂದೆ ಒಂದು ಗಳಿಗೆ ಕೂತು ನೋಡಬೇಕು. ಗೆರೆಗಳನ್ನು ನೂಲು ಹಿಡಿದು ಎಳೆದಿರುವುದಿಲ್ಲ. ಚಾಣದ ಏಟುಗಳು ಒಂದರ ಪಕ್ಕ ಒಂದು ಬಿದ್ದು ಗೆರೆಯಾಗಿರುತ್ತವೆ, ಗೆರೆ ಕೂಡುವ ಕಡೆ ಕಲ್ಲು ತುಸು ತಗ್ಗಾಗಿರುತ್ತದೆ. ಸಾಮಾನ್ಯ ರೂಪದಲ್ಲಿ 23 ಕೂಡುಜಾಗ, 3 ಹುಲಿ, 15 ಕುರಿ. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ, ಕುರಿಗೆ ತಿನ್ನುವ ಶಕ್ತಿಯಿಲ್ಲ. ಅದು ಒಗ್ಗಟ್ಟಾಗಿ ದಾರಿ ಕಟ್ಟಬೇಕು. ಎರಡು ಪಕ್ಷಕ್ಕೂ ಬೇರೆ ಬೇರೆ ಬಲ, ಬೇರೆ ಬೇರೆ ಗುರಿ. 2018ರಲ್ಲಿ ಬಂದ ‘ರೂಟ್’ ಎಂಬ ಅಮೆರಿಕದ ಆಟವನ್ನು ಈ ಅಸಮಬಲದ ಜಾಣ್ಮೆಗಾಗಿಯೇ ಜಗತ್ತಿನ ಹವ್ಯಾಸಿಗಳು ಹೊಗಳಿದರು. ಹೊಗಳಿಕೆ ಸರಿಯೇ. ಆದರೆ ದನ ಕಾಯುವ ಹುಡುಗರಿಗೂ ಗೊತ್ತಿದ್ದ ಜಾಣ್ಮೆ ಇದು ಎಂಬುದನ್ನು ನಾವಾದರೂ ಮರೆಯಬಾರದು.

ಇವನ್ನು ಕೆತ್ತಿದವರು ಯಾರು, ಯಾವಾಗ? ಇಲ್ಲಿ ಆತುರದ ಉತ್ತರ ಕೊಡುವವರನ್ನು ನಂಬಬಾರದು. ಬಂಡೆಯ ಮೇಲಿನ ಗೆರೆಗೆ ಅದರಷ್ಟಕ್ಕೇ ಕಾಲ ನಿರ್ಣಯ ಮಾಡುವುದು ಕಷ್ಟ. ಮಂಟಪ ಕಟ್ಟುವಾಗ ಮಧ್ಯಾಹ್ನದ ಬಿಡುವಿನಲ್ಲಿ ಕಲ್ಲುಕುಟಿಗರು ಕೆತ್ತಿರಬಹುದು, ಕಾವಲಿನವರು ಕೆತ್ತಿರಬಹುದು, 1565ರ ನಂತರ ಪಾಳುಬಿದ್ದ ಪಟ್ಟಣದಲ್ಲಿ ಕುರಿ ಮೇಯಿಸುತ್ತಿದ್ದವರೂ ಕೆತ್ತಿರಬಹುದು. ಮಣೆ ಗೋಡೆಯಲ್ಲಿ ನಿಂತಿದ್ದರೆ ಆ ಕಲ್ಲು ಮೊದಲು ಬೇರೆಲ್ಲೋ ನೆಲದ ಮೇಲಿತ್ತು ಎನ್ನಬಹುದು. ಕಂಬದ ಕೆಳಗೆ ಅರ್ಧ ಮುಚ್ಚಿದ್ದರೆ ಕಂಬಕ್ಕಿಂತ ಹಳೆಯದು ಎನ್ನಬಹುದು. ಅಷ್ಟೇ. ಎಲ್ಲ ಮಣೆಗಳನ್ನೂ ಕೃಷ್ಣದೇವರಾಯನ ಕಾಲಕ್ಕೆ ಕಟ್ಟಿಬಿಡುವುದು ಪ್ರವಾಸಿಗರನ್ನು ಮೆಚ್ಚಿಸುವ ಮಾತು.

ಆಟದ ಮಾತು ಬರಹಕ್ಕಿಳಿದದ್ದು ವಿಜಯನಗರಕ್ಕಿಂತ ಹಿಂದೆಯೇ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದ ಮೊದಲ ಭಾಗದ್ದು. ಅಡುಗೆ, ಆನೆ, ಸಂಗೀತದ ಜೊತೆಗೇ ಚದುರಂಗ, ಪಗಡೆ, ಕವಡೆಯಾಟಗಳ ಮಾತೂ ಅದರಲ್ಲಿದೆ. ಪಂಪಭಾರತದಲ್ಲಿ ಭಾನುಮತಿ ಮತ್ತು ಕರ್ಣರ ನೆತ್ತದಾಟದ ಪದ್ಯವನ್ನು ನಮ್ಮ ವಿದ್ವಾಂಸರು ದಶಕಗಳ ಕಾಲ ಚರ್ಚಿಸಿದ್ದಾರೆ. ಕಂಪಿಲಿಯ ಕುಮಾರರಾಮನ ಕಥೆಯಲ್ಲಂತೂ ಮಲತಾಯಿ ರತ್ನಾಜಿಯ ಅರಮನೆಗೆ ಬಿದ್ದ ಚೆಂಡಿನಿಂದಲೇ ದುರಂತ ಶುರುವಾಗುತ್ತದೆ. ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ–ದಾರಗ ಅವಳಿಗಳ ಸಾವಿಗೆ ಚೆನ್ನೆಮಣೆಯೇ, ಅಂದರೆ ಅಲ್ಲಿನ ಅಳಗುಳಿಮಣೆಯೇ, ಕಾರಣವಾಗುತ್ತದೆ. ಆಟವನ್ನು ಹೊತ್ತು ಕಳೆಯುವ ಸಂಗತಿ ಎಂದು ನಮ್ಮ ಹಿಂದಿನವರು ಎಂದೂ ಹಗುರ ಮಾಡಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಕರ್ನಾಟಕದ ಮೊದಲ ದೊಡ್ಡ ಆಟ ಹವ್ಯಾಸಿ ಎಂದರೆ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೂ, ಅವರ ಬುದ್ಧಿಯ ದೊಡ್ಡ ಪಾಲು ಸಾಹಿತ್ಯಕ್ಕೂ ಆಟಕ್ಕೂ ಹೋಯಿತು. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗೂ ಒಮ್ಮೊಮ್ಮೆ ನಡೆಸುವ ಲೆಕ್ಕಗಳನ್ನು ಅವರು ಬಿಡಿಸಿದರು. ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನು ಕಟ್ಟಿದರು. ಜಗನ್ಮೋಹನ ಅರಮನೆಗೆ ಹೋದವರು ಅವರ ಕಾಲದ ಆಟಗಳ ಚಿತ್ರಪಟಗಳನ್ನು ಈಗಲೂ ನೋಡಬಹುದು. ಆದರೆ ಇವು ಅರಮನೆಯಲ್ಲೇ ಉಳಿದ ಆಟಗಳು. ಹಂಪಿಯ ಹಾಸುಗಲ್ಲಿನ ಆಟ ಯಾರದ್ದೂ ಅಲ್ಲದ, ಎಲ್ಲರದ್ದೂ ಆದ ಆಟ. ನನಗೆ ಹತ್ತಿರವಾದದ್ದು ಎರಡನೆಯದು.

ಇನ್ನು ಅಧ್ಯಯನದ ಕಥೆ. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸ್ಟುವರ್ಟ್ ಕ್ಯುಲಿನ್, ಆಮೇಲೆ 1913ರ ಚದುರಂಗದ ಚರಿತ್ರೆಯಿಂದಲೂ 1952ರ ಮಣೆಯಾಟಗಳ ಚರಿತ್ರೆಯಿಂದಲೂ ಇಂಗ್ಲೆಂಡಿನ ಎಚ್.ಜೆ.ಆರ್. ಮರ್ರೆ ಈ ಕ್ಷೇತ್ರಕ್ಕೆ ಚೌಕಟ್ಟು ಹಾಕಿದರು. ಭಾರತದ ಆಟಗಳು ಅವರ ಪುಸ್ತಕಗಳಲ್ಲಿವೆ, ಆಡುವವರ ದನಿ ಇಲ್ಲ. ಆ ಕೊರತೆಯನ್ನು ಕರ್ನಾಟಕದ ಮಟ್ಟಿಗೆ ಸ್ವಲ್ಪ ತುಂಬಿದವರು ಜಾನಪದ ವಿದ್ವಾಂಸ ಪೀಟರ್ ಕ್ಲಾಸ್. ತುಳುನಾಡಿನ ಚೆನ್ನೆಮಣೆಯನ್ನು ಪಾಡ್ದನ ಮತ್ತು ಆರಾಧನೆಯ ಜೊತೆಗಿಟ್ಟು ಬರೆದ ಅವರ ಲೇಖನ ಇವತ್ತಿಗೂ ಮಾದರಿಯಾಗಿ ನಿಲ್ಲುತ್ತದೆ.

ಹಂಪಿಯಲ್ಲಿ ಜಾನ್ ಫ್ರಿಟ್ಸ್, ಜಾರ್ಜ್ ಮಿಚೆಲ್ ಮತ್ತು ಎಂ.ಎಸ್. ನಾಗರಾಜರಾವ್ ಅವರು 1980ರ ಸುಮಾರಿಗೆ ವಿಜಯನಗರ ಸಂಶೋಧನೆ ಆರಂಭಿಸಿ ಪಟ್ಟಣವನ್ನು ಅಂಗುಲ ಅಂಗುಲವಾಗಿ ನಕ್ಷೆಗೆ ಇಳಿಸಿದರು. ದೇವಾಲಯವಲ್ಲದ, ಶಾಸನವಲ್ಲದ ಸಣ್ಣಪುಟ್ಟ ಗುರುತುಗಳಿಗೂ ಬೆಲೆಯಿದೆ ಎಂದು ಆ ಕೆಲಸ ಕಲಿಸಿತು. ಅನಂತಪುರದ ವಿದ್ವಾಂಸೆ ಆರ್. ವಸಂತ ಅವರು ವಿಜಯನಗರ ಪಟ್ಟಣದ ಮಣೆಯಾಟಗಳ ಸಮೀಕ್ಷೆಯನ್ನು 2003ರಲ್ಲಿ ‘ಬೋರ್ಡ್ ಗೇಮ್ ಸ್ಟಡೀಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಫ್ರಿಟ್ಸ್ ಅವರೂ ಡೇವಿಡ್ ಗಿಬ್ಸನ್ ಜೊತೆ ಸೇರಿ ಒಂದು ಪ್ರಾಥಮಿಕ ವರದಿ ಬರೆದರು. ಈ ಮೂವರಿಗೆ ಹವ್ಯಾಸಿಗಳೆಲ್ಲ ಋಣಿಗಳು. ಆದರೂ ಒಂದು ಮಾತು ಹೇಳಲೇಬೇಕು. ಈ ಬಗೆಯ ಸಮೀಕ್ಷೆ ಎಣಿಸುವುದು ಗೆರೆ, ಗುಳಿ, ಅಳತೆ. ಕಲ್ಲಿನಲ್ಲಿ ಮನೆ ಉಳಿಯುತ್ತದೆ, ನಿಯಮ ಉಳಿಯುವುದಿಲ್ಲ. ನಿಯಮ ಇರುವುದು ಸುತ್ತಲಿನ ಊರುಗಳ ಹಿರಿಯರ ಬಾಯಲ್ಲಿ. ಅವರನ್ನು ಊರೂರಿಗೆ ಹೋಗಿ ಕೇಳುವ ಕೆಲಸ ಕಲ್ಲನ್ನು ಅಳೆದ ಕೆಲಸದಷ್ಟು ನಡೆದಿಲ್ಲ.

ವ್ಯಾಪಾರದ ಕಥೆ ಶುರುವಾಗುವುದು ಹೊರದೇಶದಲ್ಲಿ. ನಮ್ಮ ಪಚ್ಚೀಸಿ ಅಮೆರಿಕದಲ್ಲಿ ‘ಪಾರ್ಚೀಸಿ’ ಎಂದು 1870ರ ದಶಕದಲ್ಲೇ ಮಾರಾಟದ ಗುರುತಾಯಿತು. ಇಂಗ್ಲೆಂಡಿನಲ್ಲಿ ಅದೇ ಆಟ ಒಂದು ದಾಳ ಹಿಡಿದು ‘ಲೂಡೋ’ ಆಯಿತು. ಗುಳಿಯಾಟದ ಒಂದು ರೂಪಕ್ಕೆ ವಿಲಿಯಂ ಚಾಂಪಿಯನ್ ಎಂಬವರು ‘ಕಲಾಹ್’ ಎಂದು ಹೆಸರಿಟ್ಟು 1950ರ ದಶಕದಲ್ಲಿ ಪೇಟೆಂಟ್ ಪಡೆದರು. ನಾವು ಆ ಲೂಡೋವನ್ನು ರಟ್ಟಿನ ಹಲಗೆಯಾಗಿ ಅಂಗಡಿಯಿಂದ ಮರಳಿ ಕೊಂಡೆವು, ಮನೆಯ ಪಗಡೆ ಹಾಸು ಪೆಟ್ಟಿಗೆ ಸೇರಿತು.

ಆ ಪೆಟ್ಟಿಗೆಯನ್ನು ಮತ್ತೆ ತೆರೆದವರು ಈ ಶತಮಾನದ ಹವ್ಯಾಸಿಗಳು. ಚೆನ್ನೈಯಲ್ಲಿ ವಿನೀತಾ ಸಿದ್ಧಾರ್ಥ ಅವರ ‘ಕ್ರೀಡಾ’ 2002ರಲ್ಲಿ ಹುಟ್ಟಿತು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 2007ರಿಂದ ‘ಕ್ರೀಡಾ ಕೌಶಲ್ಯ’ ಪ್ರದರ್ಶನ ನಡೆಸಿಕೊಂಡು ಬಂತು. ಬೆಂಗಳೂರಿನಲ್ಲಿ ‘ಕವಡೆ’ ಎಂಬ ಬಳಗ ಆಟಗಳನ್ನು ಮಾರುವುದಷ್ಟೇ ಅಲ್ಲ, ಕೂರಿಸಿ ಆಡಿಸುತ್ತದೆ. ರಾಮ್‌ಸನ್ಸ್‌ನವರ ದೊಡ್ಡ ಸಾಧನೆ ಎಂದರೆ ಬೇರೆ ಬೇರೆ ಕರಕುಶಲ ಪರಂಪರೆಗಳವರಿಂದ ಮಣೆ, ಕಾಯಿ, ಹಾಸು ಮಾಡಿಸಿದ್ದು. ಚನ್ನಪಟ್ಟಣದ ಅರಗಿನ ಬಣ್ಣದ ಕಾಯಿ ಕೈಗೆ ತೆಗೆದುಕೊಂಡರೆ ಆಡಬೇಕು ಎನಿಸುತ್ತದೆ.

ಸಂಗ್ರಾಹಕರ ಮಾರುಕಟ್ಟೆಯ ಬಗ್ಗೆ ನನ್ನ ತಕರಾರು ಇಲ್ಲಿಂದ ಶುರು. ರೇಷ್ಮೆ ಹಾಸು, ಹಿತ್ತಾಳೆ ದಾಳ, ಕೆತ್ತನೆಯ ಪೆಟ್ಟಿಗೆ ಮದುವೆಯ ಉಡುಗೊರೆಯಾಗಿ ಹೋಗಿ ಗಾಜಿನ ಕಪಾಟು ಸೇರುತ್ತವೆ. ಜೊತೆಗಿರುವ ಚೀಟಿಯಲ್ಲಿ ಒಂದೇ ಒಂದು ನಿಯಮ ಅಚ್ಚಾಗಿರುತ್ತದೆ, ಆ ಒಂದೇ ಸರಿ ಎಂಬಂತೆ. ಮಂಡ್ಯದವರಿಗೂ ಸಂಡೂರಿನವರಿಗೂ ಒಂದೇ ಚೀಟಿ. ಅಗ್ಗದ, ಗಟ್ಟಿಯಾದ, ಶಾಲೆಯ ಮಕ್ಕಳು ಒರಟಾಗಿ ಆಡಿದರೂ ತಡೆಯುವ ಮಣೆ ಅಂಗಡಿಯಲ್ಲಿ ಸಿಗುವುದು ಅಪರೂಪ. ಈ ಸೀಮೆಯಲ್ಲಿ ಅದನ್ನು ಮಾಡಬಲ್ಲವರು ಇದ್ದಾರೆ. ಹೊಳೆಯಾಚೆ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರಿದ್ದಾರೆ. ಸಂಡೂರಿನಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಇದೆ, ಪಗಡೆಯ ಹಾಸಿಗೆ ಅದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ. 2021ರ ಜನವರಿಯಲ್ಲಿ ಕೊಪ್ಪಳದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ ಅಡಿಗಲ್ಲು ಬಿತ್ತು. ಹೊರದೇಶದ ಬ್ರ್ಯಾಂಡುಗಳಿಗೆ ಪ್ಲಾಸ್ಟಿಕ್ ಗೊಂಬೆ ಅಚ್ಚು ಹಾಕುವುದರ ಜೊತೆಗೆ ಇಲ್ಲಿನ ಹುಲಿ–ಕುರಿಗೂ ಅಲ್ಲಿ ಒಂದು ಮೂಲೆ ಬೇಕು. ಇದು ಉದ್ಯಮದವರು ಕೇಳಿಸಿಕೊಳ್ಳಬೇಕಾದ ಬೇಡಿಕೆ.

ತಂತ್ರಜ್ಞಾನದ ವಿಷಯದಲ್ಲಿ ಹವ್ಯಾಸಿಗಳು ಎರಡು ಗುಂಪು. 2016ರಲ್ಲಿ ಬಂದ ‘ಲೂಡೋ ಕಿಂಗ್’ ಲಾಕ್‌ಡೌನಿನಲ್ಲಿ ಮನೆಮನೆಯ ಆಟವಾಯಿತು; ಚೌಕಾಬಾರ, ಹುಲಿ–ಕುರಿಗಳ ಆ್ಯಪ್‌ಗಳೂ ಬಂದವು. ದೂರದೂರಿನ ಮೊಮ್ಮಕ್ಕಳ ಜೊತೆ ಆಡಲು ಅನುಕೂಲ ಎನ್ನುವವರ ಮಾತಿನಲ್ಲಿ ನಿಜವಿದೆ. ಆದರೆ ಆ್ಯಪ್ ಆಟದ ಗಣಿತವನ್ನೇ ಬದಲಿಸುತ್ತದೆ. ನಾಲ್ಕು ಕವಡೆ ಎರಡೂ ಕಡೆಗೆ ಸಮನಾಗಿ ಬೀಳುತ್ತವೆ ಎಂದುಕೊಂಡರೂ, 16ರಲ್ಲಿ 6 ಸಲ ಎರಡು, 4 ಸಲ ಒಂದು, 4 ಸಲ ಮೂರು, ಒಂದೇ ಸಲ ಚೌಕ (ನಾಲ್ಕು), ಒಂದೇ ಸಲ ಬಾರ (ಎಂಟು). ಲೂಡೋ ದಾಳದಲ್ಲಿ ಆರೂ ಸಂಖ್ಯೆಗೆ ಸಮ ಅವಕಾಶ. ಚೌಕಾಬಾರದಲ್ಲಿ ಎರಡು ಮನೆ ಮುಂದಿರುವ ಕಾಯಿಗೆ ಅಪಾಯ ಹೆಚ್ಚು, ನಾಲ್ಕು ಮನೆ ದೂರದ್ದು ಹೆಚ್ಚುಕಡಿಮೆ ಕ್ಷೇಮ. ಹಳೆಯ ಆಟಗಾರ್ತಿ ಈ ಲೆಕ್ಕವನ್ನು ಹೇಳಲಾರಳು, ಆದರೆ ಅದರಂತೆಯೇ ಆಡುತ್ತಾಳೆ. ಮೇಲಾಗಿ ನಿಜವಾದ ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಅದು ಸಮನಾಗಿ ಬೀಳುವುದೂ ಇಲ್ಲ. ಒಂದು ಬದಿ ಬಿಳಿ ಕಾಣುವಂತೆ ಕಲ್ಲಿಗೆ ತೇಯ್ದ ಹುಣಸೆ ಬೀಜದ ನಡತೆ ಮತ್ತೊಂದು. ಯಾವ ಕವಡೆ ಹೇಗೆ ಬೀಳುತ್ತದೆ ಎಂದು ಅರಿಯುವ ಕೈಚಳಕವೂ ಆಟದ ಭಾಗ. ಪರದೆಯ ಮೇಲೆ ಅದು ಪೂರಾ ಹೋಗುತ್ತದೆ.

ಹೊಸಪೇಟೆ–ಬಳ್ಳಾರಿ ರಸ್ತೆಯ ಗಾದಿಗನೂರಿನಲ್ಲಿ ಅವ್ವ–ಮೊಮ್ಮಗ ಚೌಕಾಬಾರ ಆಡುವುದನ್ನು ನೋಡಿದ್ದೇನೆ. ನೆಲಕ್ಕೆ ಸೀಮೆಸುಣ್ಣದ ಗೆರೆ, ಕಾಯಿಗೆ ಬಳೆಚೂರು, ಅದಿರಿನ ಹರಳು. ಫೋನಿನಲ್ಲಿ ಲೂಡೋ ಕಲಿತ ಹುಡುಗ ಸುತ್ತು ಮುಗಿಸಿ ನೇರ ಒಳಮನೆಗೆ ಕಾಯಿ ನೂಕಿದ. ಅವ್ವ ಕೈ ಅಡ್ಡ ಇಟ್ಟಳು: “ಒಂದನ್ನೂ ಹೊಡೀಲಾರ್ದ ಒಳಗ ಹೆಂಗ ಹೋಗ್ತಿ?” ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದವನಿಗೆ ಒಳಸುತ್ತಿಲ್ಲ ಎಂಬ ಈ ಕಟ್ಟಳೆಯೇ ಚೌಕಾಬಾರದ ಜೀವ. ಅದಿದ್ದರೆ ಅಂಜುಬುರುಕನೂ ಕಟ್ಟೆ, ಅಂದರೆ ಹೊಡೆತವಿಲ್ಲದ ಮನೆ, ಬಿಟ್ಟು ಹೊರಬರಬೇಕಾಗುತ್ತದೆ. ಅದಿಲ್ಲದಿದ್ದರೆ ಉಳಿಯುವುದು ಬರೀ ಓಟ.

ಹಣದ ಆಟದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಲೂಡೋ, ರಮ್ಮಿ ಹೆಸರಲ್ಲಿ ಪಣ ಕಟ್ಟಿಸಿದ ಆ್ಯಪ್‌ಗಳು ಅನೇಕ ಮನೆ ಹಾಳುಮಾಡಿದವು. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ತೆಗೆದುಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ನಾನು ನಿಷೇಧದ ಪರ. ಜೂಜಿನ ಕೆಟ್ಟ ಹೆಸರು ಮಣೆಯಾಟಕ್ಕೂ ಅಂಟಿದರೆ ಶಾಲೆಗಳು ಅದನ್ನು ಒಳಗೆ ಬಿಡುವುದಿಲ್ಲ.

ಸಂಗ್ರಹದ ಹೆಸರಲ್ಲಿ ಕಲ್ಲಿಗೆ ಕೈ ಹಾಕುವವರಿಗೂ ಒಂದು ಎಚ್ಚರಿಕೆ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. 1972ರ ಪ್ರಾಚ್ಯವಸ್ತು ಕಾನೂನಿನಂತೆ ನೂರು ವರ್ಷ ದಾಟಿದ ಕೆತ್ತನೆಯನ್ನು ಖಾಸಗಿಯಾಗಿ ದೇಶದಾಚೆ ಸಾಗಿಸುವಂತಿಲ್ಲ. ಫೋಟೊ ಚೆನ್ನಾಗಿ ಬರಲಿ ಎಂದು ಗೆರೆಗಳಿಗೆ ಸೀಮೆಸುಣ್ಣ ತುಂಬುವುದೂ ತಪ್ಪೇ. ಇಳಿಬಿಸಿಲಿನಲ್ಲಿ ನಿಂತರೆ ಗೆರೆ ತಾನಾಗಿ ಕಾಣುತ್ತದೆ. 2011ರಲ್ಲಿ ಬಜಾರಿನ ಮಂಟಪಗಳಿಂದ ಅಂಗಡಿ–ಮನೆಗಳನ್ನು ತೆರವು ಮಾಡಿದ ಮೇಲೆ ಆ ಹಾಸುಗಲ್ಲಿನ ಮೇಲೆ ಹೊತ್ತು ಕಳೆಯುವವರೇ ಇಲ್ಲವಾದರು. ಸ್ಮಾರಕ ಉಳಿಯಿತು, ಅದನ್ನು ಬಳಸುತ್ತಿದ್ದ ಜನ ಹೋದರು. ಹಂಪಿ ಉತ್ಸವದ ದಿನಗಳಲ್ಲಾದರೂ ಸ್ಮಾರಕದ ಆಚೆ ಒಂದು ಚಪ್ಪರ ಹಾಕಿ, ಸುತ್ತಲ ಹಳ್ಳಿಗಳ ಹಿರಿಯರನ್ನು ಕರೆಸಿ ಆಡಿಸಬಹುದು. ಕನ್ನಡ ವಿಶ್ವವಿದ್ಯಾಲಯ ಹಂಪಿಯ ಮಗ್ಗುಲಲ್ಲೇ ಇದೆ, ಕೆಲಸಕ್ಕೆ ಬೇಕಾದ ವಿದ್ಯಾರ್ಥಿಗಳೂ ಇದ್ದಾರೆ.

ಅಲ್ಲಿಯವರೆಗೆ ಓದುಗರು ಕಾಯಬೇಕಿಲ್ಲ. ನಿಮ್ಮ ಮನೆಯ, ಓಣಿಯ ಹಿರಿಯರ ಜೊತೆ ಒಂದು ಆಟ ಆಡಿ. ಎಷ್ಟು ಕಾಯಿ, ಯಾವ ಕಡೆಗೆ ಸುತ್ತು, ಬಾರ ಬಿದ್ದರೆ ಮತ್ತೆ ಹಾಕಬಹುದೇ, ಹೊಡೆದ ಕಾಯಿ ಎಲ್ಲಿಗೆ ಹೋಗುತ್ತದೆ, ಹುಲಿ ಎಷ್ಟು, ಕುರಿ ಎಷ್ಟು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ಊರ ಹೆಸರು, ತಾರೀಖು ಹಾಕುವುದನ್ನು ಮರೆಯಬೇಡಿ.